ಜೊಳ್ಳು ವೈರಸ್, ಗಟ್ಟಿ ವೈರಸ್

"ಒಂದು ಇಂಜೆಕ್ಷನ್ನಿಗೆ 16 ಕೋಟಿ ಯಾಕೆ?" ಕಲಬುರಗಿಗೆ ಬಂದಾಗಲೆಲ್ಲ ಯಾರಾದರೂ ಒಬ್ಬರು ಇದನ್ನು ಕೇಳುತ್ತಾರೆ. ಎಸ್‌ಎಂಎ ಎಂಬ, ಸ್ನಾಯು ಸೊರಗುವ ಹುಟ್ಟುಕಾಯಿಲೆಯ ಮಗುವಿನ ಫೋಟೊ, ಅದರ ಕೆಳಗೆ ಬ್ಯಾಂಕ್ ಖಾತೆ ನಂಬರು, ಅಂಥ ಮನವಿ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ ಅಲ್ವಾ. ಹೈದರಾಬಾದಿನಲ್ಲಿ ನಾನು ಮಾಡುವ ಕೆಲಸ ಇದೇ ಜಾತಿಯ, ಅಂದರೆ ವೈರಸ್ ಮೂಲಕ ಜೀನ್ ಮುಟ್ಟಿಸುವ ಔಷಧಕ್ಕೆ ಸೇರಿದ್ದು: ವೈರಸ್ ಶುದ್ಧ ಮಾಡುವುದು. ಅದಕ್ಕೇ ಕೇಳುವವರು ನನ್ನನ್ನೇ ಹಿಡಿದು ಕೂರಿಸುತ್ತಾರೆ. ಮದುವೆ ಮನೆಯಲ್ಲಿ, ಊಟದ ಸಾಲಿನಲ್ಲಿ ನಿಂತು ಇದನ್ನೆಲ್ಲ ಹೇಳಲು ಆಗುವುದಿಲ್ಲ. ಇಲ್ಲಿ ಪೂರ್ತಿ ಬರೆಯುತ್ತೇನೆ.

ಮೊದಲೇ ಒಂದು ಮಾತು. ಬೆಲೆ ಅಂದರೆ ಬರೀ ತಯಾರಿಕೆ ಖರ್ಚಲ್ಲ. ಜೋಲ್ಗೆನ್ಸ್ಮಾ ಎಂಬ ಆ ಔಷಧಕ್ಕೆ 2019ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕಂಪನಿ ಇಟ್ಟ ಬೆಲೆ 21.25 ಲಕ್ಷ ಡಾಲರ್. ಸಂಶೋಧನೆಗೆ ಹಾಕಿದ ದುಡ್ಡು, ರೋಗಿಗಳ ಸಂಖ್ಯೆ ಕಡಿಮೆ ಇರುವುದು, ಮಗುವಿಗೆ ಜೀವಮಾನವಿಡೀ ಬೇರೆ ಔಷಧ ಕೊಟ್ಟಿದ್ದರೆ ಎಷ್ಟಾಗುತ್ತಿತ್ತು ಎಂಬ ಲೆಕ್ಕ, ಲಾಭ, ಎಲ್ಲ ಸೇರಿದ ಬೆಲೆ ಅದು. ಅದನ್ನು ನೋಡಿ ಸಿಟ್ಟು ಬರುವುದು ನ್ಯಾಯವೇ, ನನಗೂ ಬರುತ್ತದೆ. ಆದರೆ ಲಾಭ ಪೂರ್ತಿ ತೆಗೆದುಹಾಕಿದರೂ ಈ ಔಷಧ ಇವತ್ತಿನ ವಿಧಾನದಲ್ಲಿ ಅಗ್ಗ ಆಗುವುದಿಲ್ಲ. ಅದಕ್ಕೆ ದೊಡ್ಡ ಕಾರಣ ಒಂದು ನನ್ನ ಕೆಲಸದ ಮೇಜಿನ ಮೇಲೇ ಇದೆ. ವೈರಸ್ ಬೆಳೆಸುವುದಕ್ಕಿಂತ ಅದನ್ನು ಬೇರೆಲ್ಲದರಿಂದ ಬಿಡಿಸಿಕೊಳ್ಳುವುದು ಕಷ್ಟ, ಹಾಗೆ ಬಿಡಿಸುವಾಗ ಬೇಕಾದ ವೈರಸ್ಸೇ ಅರ್ಧಕ್ಕಿಂತ ಜಾಸ್ತಿ ಕಳೆದುಹೋಗುತ್ತದೆ.

ಎಸ್‌ಎಂಎ ಇರುವ ಮಗುವಿನಲ್ಲಿ ಎಸ್‌ಎಂಎನ್‌ 1 ಎಂಬ ಜೀನ್ ಕೆಟ್ಟಿರುತ್ತದೆ. ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ನಡೆಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಕತ್ತು ನಿಲ್ಲುವುದಿಲ್ಲ, ಕೂರಲು ಆಗುವುದಿಲ್ಲ, ಕೊನೆಗೆ ಉಸಿರಾಟಕ್ಕೇ ಕಷ್ಟ. ತಂದೆ ತಾಯಿ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಅವರಿಗೆ ಮಾತ್ರ ಏನೂ ತೊಂದರೆ ಇರುವುದಿಲ್ಲ, ಗೊತ್ತೂ ಆಗುವುದಿಲ್ಲ. ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ಇನ್ನೂ ಇದೆ. ಒಂದೇ ಮನೆತನದಲ್ಲಿ ಒಂದೇ ಕೆಟ್ಟ ಜೀನ್ ಇಬ್ಬರಿಗೂ ಬಂದಿರುವ ಸಾಧ್ಯತೆ ಜಾಸ್ತಿ. ವಿಷಯ ಬಿಟ್ಟು ಹೋಗುತ್ತಿದ್ದೇನೆ, ಆದರೂ ಹೇಳಲೇಬೇಕು: ಇದಕ್ಕೆ ರಕ್ತಪರೀಕ್ಷೆ ಇದೆ. ಮನೆತನದಲ್ಲಿ ಇಂಥ ಮಗು ಹುಟ್ಟಿದ್ದರೆ ಮದುವೆಗೆ ಮುಂಚೆ, ಇಲ್ಲವೇ ಬಸಿರಿಗೆ ಮುಂಚೆ ಮಾಡಿಸಿ. 16 ಕೋಟಿಯ ಎದುರು ಆ ಪರೀಕ್ಷೆಯ ಖರ್ಚು ಏನೂ ಅಲ್ಲ.

ಚಿಕಿತ್ಸೆ ಏನು ಮಾಡುತ್ತದೆ? ಸರಿ ಇರುವ ಜೀನನ್ನು ನರಕೋಶದ ಒಳಗೆ ಮುಟ್ಟಿಸುತ್ತದೆ. ಮುಟ್ಟಿಸುವುದು ಒಂದು ವೈರಸ್, ಎಎವಿ ಅಂತ. 1965ರಲ್ಲಿ ಅಡೆನೊವೈರಸ್ ಎಂಬ ಇನ್ನೊಂದು ವೈರಸ್ಸಿನ ಮಾದರಿಗಳಲ್ಲಿ ಬೆರೆತದ್ದಾಗಿ ಸಿಕ್ಕಿತು. ಮನುಷ್ಯರಿಗೆ ಇದೊಂದರಿಂದಲೇ ರೋಗ ಬರುತ್ತದೆ ಅಂತ ಖಚಿತವಾಗಿಲ್ಲ. ಭಾಳ ಸಣ್ಣದು, ಸುಮಾರು 25 ನ್ಯಾನೊಮೀಟರ್. 60 ಪ್ರೊಟೀನುಗಳು ಸೇರಿ ಕಟ್ಟಿದ ಒಂದು ಚಿಪ್ಪು, ಒಳಗೆ ಸುಮಾರು 4,700 ಅಕ್ಷರದ ಡಿಎನ್‌ಎ. ನಾವು ವೈರಸ್ಸಿನ ಸ್ವಂತ ಜೀನುಗಳನ್ನು ತೆಗೆದು ಆ ಜಾಗದಲ್ಲಿ ಮಗುವಿಗೆ ಬೇಕಾದ ಜೀನ್ ಇಡುತ್ತೇವೆ.

ಇದನ್ನು ಮಾಡಿಕೊಡುವುದು ಎಚ್‌ಇಕೆ 293 ಎಂಬ ಮನುಷ್ಯ ಕೋಶಗಳು. 1973ರಲ್ಲಿ ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ಹುಟ್ಟಿದ ಈ ಕೋಶಗಳ ಸಂತಾನ ಇವತ್ತಿಗೂ ಪ್ರಪಂಚದ ತುಂಬ ಬೆಳೆಯುತ್ತಿದೆ. ರಿಯಾಕ್ಟರ್ ಎಂಬ ದೊಡ್ಡ ಪಾತ್ರೆಯಲ್ಲಿ ಬೆಳೆಸಿ, ಮೂರು ಪ್ಲಾಸ್ಮಿಡ್ (ಉಂಗುರದಂಥ ಡಿಎನ್‌ಎ) ಕೊಟ್ಟು, ಮೂರು ದಿನ ಕಾದರೆ ಕೋಶದೊಳಗೆ ವೈರಸ್ ತುಂಬಿರುತ್ತದೆ. ಆಮೇಲೆ ಡಿಟರ್ಜೆಂಟ್ ಹಾಕಿ ಕೋಶ ಒಡೆಯಬೇಕು. ಒಡೆದ ಕ್ಷಣಕ್ಕೆ ನಮ್ಮ ವಿಭಾಗದ ಕೆಲಸ ಶುರು.

ಆ ರಾಡಿಯಲ್ಲಿ ಏನೇನಿರುತ್ತದೆ ಅಂದರೆ, ಕೋಶದ ಸಾವಿರಾರು ಬಗೆಯ ಪ್ರೊಟೀನು, ಒಡೆದ ಪೊರೆ, ನಾವೇ ಹಾಕಿದ ಪ್ಲಾಸ್ಮಿಡ್, ಡಿಟರ್ಜೆಂಟ್, ಮತ್ತೆ ಕೋಶದ ಉದ್ದುದ್ದ ಡಿಎನ್‌ಎ, ಅದಂತೂ ಎಲ್ಲವನ್ನೂ ಅಂಟಂಟು ಲೋಳೆ ಮಾಡಿಬಿಡುತ್ತದೆ. ಮೊದಲು ನ್ಯೂಕ್ಲಿಯೇಸ್ ಎಂಬ ಕಿಣ್ವ ಹಾಕಿ ಆ ಡಿಎನ್‌ಎ ಕತ್ತರಿಸುತ್ತೇವೆ. ಚಿಪ್ಪಿನ ಒಳಗಿರುವ ಜೀನಿಗೆ ಏನೂ ಆಗುವುದಿಲ್ಲ, ಚಿಪ್ಪು ಕಾಯುತ್ತದೆ. ಅದೇ ಕಾರಣಕ್ಕೆ ಒಂದು ತೊಂದರೆಯೂ ಇದೆ. ಕೆಲವು ಚಿಪ್ಪುಗಳು ಮಗುವಿನ ಜೀನ್ ಬದಲು ಕೋಶದ ಡಿಎನ್‌ಎ ಚೂರನ್ನೋ ಪ್ಲಾಸ್ಮಿಡ್ ಚೂರನ್ನೋ ತುಂಬಿಕೊಂಡಿರುತ್ತವೆ. ಅದನ್ನೂ ಚಿಪ್ಪು ಹಾಗೇ ಕಾಯುತ್ತದೆ, ಕಿಣ್ವ ಮುಟ್ಟಲಾರದು. ಅದಕ್ಕೇ ಎಷ್ಟಿದೆ ಅಂತ ಅಳೆದು ಲೆಕ್ಕ ಕೊಡಬೇಕು. ಎಚ್‌ಇಕೆ ಕೋಶದಲ್ಲಿ ಅಡೆನೊವೈರಸ್ಸಿನ ಕೆಲವು ಜೀನುಗಳೂ ಸೇರಿಕೊಂಡಿವೆ, ಆದ್ದರಿಂದ ಈ ಲೆಕ್ಕವನ್ನು ಯಾರೂ ಹಗುರಾಗಿ ನೋಡುವುದಿಲ್ಲ.

ಆಮೇಲೆ ಸೋಸುವುದು, ಸಾಂದ್ರ ಮಾಡುವುದು. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಂತರ ಅಫಿನಿಟಿ ಕಾಲಂ, ಅಂದರೆ ಬೇಕಾದದ್ದನ್ನು ಮಾತ್ರ ಹಿಡಿಯುವ ಕೊಳವೆ. ಒಂಟೆ, ಲಾಮಾ ಜಾತಿಯ ಪ್ರಾಣಿಗಳಲ್ಲಿ ಒಂದು ವಿಶೇಷ ಸಣ್ಣ ಪ್ರತಿಕಾಯ ಇರುತ್ತದೆ. ಅದರ ತುಣುಕನ್ನು ಸಣ್ಣ ಮಣಿಗಳಿಗೆ ಅಂಟಿಸಿ ಕಾಲಂನಲ್ಲಿ ತುಂಬಿರುತ್ತಾರೆ. ದ್ರಾವಣ ಹರಿಸಿದರೆ ಎಎವಿ ಮಾತ್ರ ಮಣಿಗೆ ಹಿಡಿದುಕೊಳ್ಳುತ್ತದೆ, ಉಳಿದದ್ದು ಹರಿದು ಹೋಗುತ್ತದೆ. ಚೆನ್ನಾಗಿ ತೊಳೆದು, ಹುಳಿ ಬಫರ್ ದ್ರಾವಣ ಬಿಟ್ಟರೆ ವೈರಸ್ ಬಿಡಿಸಿಕೊಂಡು ಬರುತ್ತದೆ. ಬಂದ ಕೂಡಲೇ ಹುಳಿ ಮುರಿಯಬೇಕು, ತಡ ಮಾಡಿದರೆ ವೈರಸ್ಸಿಗೆ ಪೆಟ್ಟು. ಈ ಒಂದು ಹಂತದಲ್ಲೇ ಹೊರಗಿನ ಕಸದ ಬಹುಪಾಲು ಹೋಗಿಬಿಡುತ್ತದೆ. ಮೊದಲ ಸಲ ನೋಡುವವರು ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ.

ಮುಗಿದಿರುವುದಿಲ್ಲ. ನಿಜವಾದ ಕಷ್ಟ ಈಗ ಬರುತ್ತದೆ.

ಕೋಶ ಚಿಪ್ಪು ಕಟ್ಟುವುದು ಒಂದು ಕೆಲಸ, ಚಿಪ್ಪಿನೊಳಗೆ ಡಿಎನ್‌ಎ ತುಂಬುವುದು ಬೇರೆ ಕೆಲಸ. ಕಟ್ಟುವುದು ಬೇಗ ಆಗುತ್ತದೆ, ತುಂಬುವುದು ಹಿಂದೆ ಬೀಳುತ್ತದೆ. ಹಾಗಾಗಿ ಕೋಶದಿಂದ ಹೊರಬರುವ ನೂರು ಎಎವಿಯಲ್ಲಿ 70, 80, ಕೆಲವು ಸಲ 90ಕ್ಕೂ ಜಾಸ್ತಿ ಖಾಲಿ ಚಿಪ್ಪುಗಳೇ. ಕೆಲವು ಅರ್ಧ ತುಂಬಿದವು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ. ಗಾತ್ರ ಒಂದೇ, ಪ್ರೊಟೀನ್ ಒಂದೇ. ಅಫಿನಿಟಿ ಕಾಲಂ ಮುಟ್ಟುವುದು ಚಿಪ್ಪಿನ ಹೊರಮೈಯನ್ನು, ಅದಕ್ಕೆ ಎರಡೂ ಸಮ. ಚಿತ್ತಾಪುರದ ಕಡೆ ಹೊಲ ಮಾಡುವ ನಮ್ಮ ದೊಡ್ಡಪ್ಪನಿಗೆ ಇದನ್ನು ಹೇಳಿದಾಗ, "ಹಂಗಂದ್ರ ಜೊಳ್ಳು, ಗಟ್ಟಿ. ತೂರಿಬಿಡ್ರಿ" ಅಂದರು. ಸರಿಯಾಗಿಯೇ ಹೇಳಿದರು. ರಾಶಿ ಮಾಡುವಾಗ ಗಾಳಿಗೆ ತೂರಿದರೆ ಜೊಳ್ಳು ಹಾರಿ ಗಟ್ಟಿ ಕಾಳು ಕೆಳಗೆ ಬೀಳುವುದು ತೂಕದ ವ್ಯತ್ಯಾಸದಿಂದ. ವೈರಸ್ಸಿನಲ್ಲೂ ಮೊದಲು ಮಾಡಿದ್ದು ಅದನ್ನೇ. ಸೀಸಿಯಂ ಕ್ಲೋರೈಡ್ ಎಂಬ ಭಾರದ ಉಪ್ಪಿನ ದ್ರಾವಣದಲ್ಲಿ ಹಾಕಿ ಅಲ್ಟ್ರಾಸೆಂಟ್ರಿಫ್ಯೂಜಿನಲ್ಲಿ ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ ತಿರುಗಿಸಿದರೆ ಗಟ್ಟಿ ವೈರಸ್ ಕೆಳಗೊಂದು ಪಟ್ಟಿ, ಜೊಳ್ಳು ವೈರಸ್ ಮೇಲೊಂದು ಪಟ್ಟಿಯಾಗಿ ನಿಲ್ಲುತ್ತವೆ. ಭಾಳ ಚಂದ ಬೇರೆಯಾಗುತ್ತವೆ. ಶುದ್ಧತೆಯಲ್ಲಿ ಇವತ್ತಿಗೂ ಇದನ್ನು ಮೀರಿಸುವುದು ಕಷ್ಟ.

ತೊಂದರೆ ಏನೆಂದರೆ ಒಂದು ಟ್ಯೂಬಿನಲ್ಲಿ ಹಿಡಿಯುವುದೇ ಕೆಲವು ಮಿಲಿಲೀಟರ್. 200 ಲೀಟರ್ ರಿಯಾಕ್ಟರಿನ ಮಾಲನ್ನು ಹೀಗೆ ಎಷ್ಟು ಟ್ಯೂಬಿನಲ್ಲಿ ತಿರುಗಿಸುತ್ತೀರಿ? ಪಟ್ಟಿಯನ್ನು ಸೂಜಿಯಿಂದ ಎಳೆದುಕೊಳ್ಳುವ ಕೈ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಆಮೇಲೆ ಆ ಸೀಸಿಯಂ ಪೂರ್ತಿ ತೆಗೆಯಬೇಕು.

ಅದಕ್ಕೇ ಈಗ ಹೆಚ್ಚಿನವರು ಅಯಾನ್ ಎಕ್ಸ್‌ಚೇಂಜ್ ಕಾಲಂ ಬಳಸುತ್ತಾರೆ. ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಹಂತ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ. ಪಿಎಚ್ (ಹುಳಿ, ಕ್ಷಾರದ ಅಳತೆ) 9ರ ಹತ್ತಿರ ಎಎವಿ ಚಿಪ್ಪಿನ ಮೇಲೆ ಋಣ ಆವೇಶ ಇರುತ್ತದೆ. ಕಾಲಂನ ಮಣಿಗಳ ಮೇಲೆ ಧನ ಆವೇಶ. ಜೊಳ್ಳು, ಗಟ್ಟಿ ಎರಡೂ ಮಣಿಗೆ ಹಿಡಿದುಕೊಳ್ಳುತ್ತವೆ. ಗಟ್ಟಿ ವೈರಸ್ಸಿನ ಒಳಗೆ ಡಿಎನ್‌ಎ ಇದೆ, ಡಿಎನ್‌ಎಗೆ ಋಣ ಆವೇಶ ಜಾಸ್ತಿ, ಹಾಗಾಗಿ ಗಟ್ಟಿಯದ್ದು ಜೊಳ್ಳಿಗಿಂತ ಒಂದು ಎಳೆಯಷ್ಟು ಬಿಗಿಯಾಗಿ ಹಿಡಿದಿರುತ್ತದೆ. ಜೊಳ್ಳಿನ ಆವೇಶ ಸೊನ್ನೆಯಾಗುವ ಪಿಎಚ್ ಸುಮಾರು 6.3, ಗಟ್ಟಿಯದ್ದು ಸುಮಾರು 5.9. ಅಷ್ಟೇ ವ್ಯತ್ಯಾಸ. ಇಡೀ ಬೇರ್ಪಡಿಕೆ ನಿಂತಿರುವುದು ಈ 0.4ರ ಮೇಲೆ.

ಈಗ ಬಫರಿನಲ್ಲಿ ಉಪ್ಪನ್ನು ನಿಧಾನಕ್ಕೆ ಏರಿಸುತ್ತಾ ಹೋಗುತ್ತೇವೆ. ಮೊದಲು ಜೊಳ್ಳು ಬಿಡುತ್ತದೆ, ಸ್ವಲ್ಪ ತಡೆದು ಗಟ್ಟಿ ಬಿಡುತ್ತದೆ. ಪರದೆಯ ಮೇಲೆ ಎರಡು ಗೆರೆ ಓಡುತ್ತಿರುತ್ತವೆ, ಒಂದು 260 ನ್ಯಾನೊಮೀಟರ್ ಬೆಳಕಿನದ್ದು, ಇನ್ನೊಂದು 280ರದ್ದು. ಡಿಎನ್‌ಎ 260ರಲ್ಲಿ ಜಾಸ್ತಿ ಹೀರುತ್ತದೆ, ಪ್ರೊಟೀನ್ 280ರಲ್ಲಿ. ಜೊಳ್ಳು ಬರುವಾಗ 280ರ ಗೆರೆ ಮೇಲಿರುತ್ತದೆ, 260ಕ್ಕೂ 280ಕ್ಕೂ ಇರುವ ಅನುಪಾತ 0.6ರ ಹತ್ತಿರ. ಗಟ್ಟಿ ಬರಲು ಶುರುವಾದಾಗ ಎರಡು ಗೆರೆ ಒಂದನ್ನೊಂದು ದಾಟುತ್ತವೆ, 260 ಮೇಲೇರುತ್ತದೆ, ಅನುಪಾತ 1.3ರ ಕಡೆಗೆ ಹೋಗುತ್ತದೆ. ಆ ದಾಟುವ ಜಾಗದಲ್ಲಿ ಎರಡೂ ಬೆರೆತಿರುತ್ತವೆ. ಎಲ್ಲಿಂದ ಹಿಡಿದುಕೊಳ್ಳಬೇಕು ಅನ್ನುವುದನ್ನು ಅಲ್ಲಿ ತೀರ್ಮಾನಿಸಬೇಕು. ಬೇಗ ಹಿಡಿದರೆ ಜೊಳ್ಳು ಸೇರುತ್ತದೆ. ತಡ ಮಾಡಿದರೆ ಕಷ್ಟಪಟ್ಟು ತಂದ ಗಟ್ಟಿ ವೈರಸ್ ಕಸದ ಬಾಟಲಿಗೆ ಹೋಗುತ್ತದೆ. ದೊಡ್ಡ ತಯಾರಿಕೆಯಲ್ಲಿ ಈ ಜಾಗವನ್ನು ಮೊದಲೇ ನೂರಾರು ಸಣ್ಣ ಪ್ರಯೋಗ ಮಾಡಿ ನಿಗದಿ ಮಾಡಿರುತ್ತಾರೆ. ಉಪ್ಪು ಯಾವುದು, ಮೆಗ್ನೀಸಿಯಂ ಎಷ್ಟು, ಏರಿಕೆ ಎಷ್ಟು ನಿಧಾನ, ಪಿಎಚ್ 9.0 ಇರಬೇಕೋ 9.2 ಇರಬೇಕೋ. ಎಎವಿಯಲ್ಲೂ ನಂಬರು ಕೊಟ್ಟ ಬೇರೆ ಬೇರೆ ಬಗೆಗಳಿವೆ, ಎಎವಿ 9ಕ್ಕೆ ಸರಿಯಾದದ್ದು ಎಎವಿ 8ಕ್ಕೆ ಸರಿ ಬರುವುದಿಲ್ಲ. ಒಳಗಿನ ಜೀನ್ ಬದಲಾದರೂ ಮತ್ತೆ ಮೊದಲಿನಿಂದ ನೋಡಬೇಕಾಗಬಹುದು.

"ಔಷಧದ ಜೊತೆ ಜೊಳ್ಳೂ ಮಗುವಿನ ಮೈಗೆ ಹೋದರೆ ಹೋಗಲಿ, ಅದರಲ್ಲಿ ಏನೂ ಇಲ್ಲವಲ್ಲ, ಏನು ತೊಂದರೆ?" ಅಂತ ಒಬ್ಬ ವಿದ್ಯಾರ್ಥಿ ಕೇಳಿದ್ದ. ಒಳ್ಳೆ ಪ್ರಶ್ನೆ. ಮಗುವಿನ ಒಂದು ಕೆಜಿ ತೂಕಕ್ಕೆ ಕೊಡುವ ಪ್ರಮಾಣ 110 ಲಕ್ಷ ಕೋಟಿ ಗಟ್ಟಿ ವೈರಸ್. ಹತ್ತು ಕೆಜಿ ಮಗುವಿಗೆ 1,100 ಲಕ್ಷ ಕೋಟಿ. ಇಷ್ಟನ್ನೂ ತೂಗಿದರೆ ಸುಮಾರು 10 ಮಿಲಿಗ್ರಾಂ ಆಗುತ್ತದೆ, ಆದರೆ ದೇಹದ ರೋಗನಿರೋಧಕ ವ್ಯವಸ್ಥೆಗೆ ಅದು ಭಾರೀ ದಾಳಿ. ಅರ್ಧ ಜೊಳ್ಳು ಸೇರಿಸಿ ಕೊಟ್ಟರೆ ಅದೇ ಗಟ್ಟಿ ಪ್ರಮಾಣಕ್ಕೆ ಎರಡರಷ್ಟು ಚಿಪ್ಪು ಆ ಪುಟ್ಟ ಮೈಯೊಳಗೆ ಹೋಗುತ್ತದೆ. ಜೊಳ್ಳಿನಿಂದ ಮಗುವಿಗೆ ಲಾಭ ಇಲ್ಲ, ಅದರ ಪ್ರೊಟೀನನ್ನು ಮಾತ್ರ ಲಿವರ್ ಮತ್ತು ರಕ್ತ ಎದುರಿಸಲೇಬೇಕು. ಜೋಲ್ಗೆನ್ಸ್ಮಾದ ಮೇಲೆ ಲಿವರ್ ಹಾನಿಯ ಬಗ್ಗೆ ದೊಡ್ಡ ಎಚ್ಚರಿಕೆಯೇ ಇದೆ, ಮಕ್ಕಳಿಗೆ ವಾರಗಟ್ಟಲೆ ಸ್ಟೆರಾಯ್ಡ್ ಕೊಡುತ್ತಾರೆ. ಇನ್ನೊಂದು ಸ್ನಾಯು ಕಾಯಿಲೆಗೆ ಎಎವಿ ಕೊಟ್ಟ ಪ್ರಯೋಗದಲ್ಲಿ 2020 ಮತ್ತು 2021ರಲ್ಲಿ ನಾಲ್ಕು ಮಕ್ಕಳು ತೀರಿಕೊಂಡರು. ಅದಕ್ಕೆ ಜೊಳ್ಳೇ ಕಾರಣ ಅಂತ ನಾನು ಹೇಳುತ್ತಿಲ್ಲ. ಇಷ್ಟು ದೊಡ್ಡ ಪ್ರಮಾಣದ ವೈರಸ್ ಕೊಡುವಾಗ ಬೇಡದ ಒಂದು ಚಿಪ್ಪೂ ಹೋಗದಂತೆ ನೋಡಿಕೊಳ್ಳುವುದು ನಮ್ಮ ಕೈಲಿರುವ ಕೆಲಸ, ಅದನ್ನು ಪೂರ್ತಿ ಮಾಡಬೇಕು ಅಂತ ಹೇಳುತ್ತಿದ್ದೇನೆ. ಎರಡನೇ ಅವಕಾಶವೂ ಇಲ್ಲ. ಒಮ್ಮೆ ಕೊಟ್ಟ ಮೇಲೆ ಮಗುವಿನ ರಕ್ತದಲ್ಲಿ ಎಎವಿ ವಿರುದ್ಧ ಪ್ರತಿಕಾಯ ತುಂಬಿಕೊಳ್ಳುತ್ತದೆ, ಮತ್ತೆ ಅದೇ ಔಷಧ ಕೊಡಲು ಬರುವುದಿಲ್ಲ.

ಈಗ ಬೆಲೆಯ ಲೆಕ್ಕ. ಒಂದು ಉದಾಹರಣೆ ಇಟ್ಟುಕೊಳ್ಳಿ: ರಿಯಾಕ್ಟರಿನ ಒಂದು ಲೀಟರಿನಲ್ಲಿ 50 ಲಕ್ಷ ಕೋಟಿ ಗಟ್ಟಿ ವೈರಸ್ ಇದೆ. ಏನೂ ಕಳೆಯದಿದ್ದರೆ ಹತ್ತು ಕೆಜಿ ಮಗುವಿಗೆ 22 ಲೀಟರ್ ಸಾಕು. ಆದರೆ ಶುದ್ಧ ಮಾಡುವ ಐದು ಹಂತ ಇವೆ, ಪ್ರತಿ ಹಂತದಲ್ಲೂ ನೂರಕ್ಕೆ 80 ಮಾತ್ರ ಕೈಗೆ ಸಿಗುತ್ತದೆ ಅಂದುಕೊಳ್ಳಿ. 80 ಅಂದರೆ ಚೆನ್ನಾಗಿದೆ ಅನಿಸುತ್ತದೆ. ಐದು ಸಲ ಗುಣಿಸಿದರೆ ಕೊನೆಗೆ ಉಳಿಯುವುದು 33. ಈಗ 67 ಲೀಟರ್ ಬೇಕು. 200 ಲೀಟರ್ ರಿಯಾಕ್ಟರಿನಿಂದ ಹೆಚ್ಚು ಕಡಿಮೆ ಮೂರು ಮಕ್ಕಳಿಗೆ ಔಷಧ. ಪ್ರತಿ ಹಂತವನ್ನೂ 90ಕ್ಕೆ ಏರಿಸಿದರೆ ಕೊನೆಗೆ 59 ಉಳಿಯುತ್ತದೆ, ಅದೇ ರಿಯಾಕ್ಟರ್, ಅದೇ ಪ್ಲಾಸ್ಮಿಡ್, ಅದೇ ಖರ್ಚು, ಐದು ಮಕ್ಕಳಿಗೆ ಆಗುತ್ತದೆ. ಪರೀಕ್ಷೆಗೆ ತೆಗೆದಿಡುವ ಮಾದರಿಗಳನ್ನು ಇದರಲ್ಲಿ ಸೇರಿಸಿಲ್ಲ, ಅವೂ ಕಡಿಮೆ ಏನಲ್ಲ. ಹತ್ತು ಅಂಕದ ಸುಧಾರಣೆ ಅಂತ ಮೀಟಿಂಗಿನಲ್ಲಿ ಯಾರಾದರೂ ಹೇಳಿದರೆ ನನಗೆ ಕಾಣುವುದು ಆ ಇಬ್ಬರು ಮಕ್ಕಳು.

ಕಳೆಯುವುದು ಎಲ್ಲಿ ಅಂದರೆ ಎಲ್ಲಾ ಕಡೆ. ಎಎವಿ ಪ್ಲಾಸ್ಟಿಕ್ಕಿಗೆ, ಟ್ಯೂಬಿಗೆ, ಫಿಲ್ಟರಿಗೆ ಅಂಟಿಕೊಳ್ಳುತ್ತದೆ. ಅದಕ್ಕೆ ಪೊಲೊಕ್ಸಮರ್ 188 ಎಂಬ ವಸ್ತುವನ್ನು ತೀರಾ ಸ್ವಲ್ಪ ಸೇರಿಸುತ್ತಾರೆ. ಉಪ್ಪು ಕಡಿಮೆಯಾದರೆ ವೈರಸ್ಸುಗಳು ಒಂದಕ್ಕೊಂದು ಗುಂಪುಗಟ್ಟುತ್ತವೆ. ಹೊರಗಿನ ದೊಡ್ಡ ವೈರಸ್ ಏನಾದರೂ ಸೇರಿದ್ದರೆ ಅದನ್ನು ತಡೆಯಲು 35 ನ್ಯಾನೊಮೀಟರ್ ಫಿಲ್ಟರಿನಿಂದ ದಾಟಿಸುತ್ತಾರೆ. 25 ನ್ಯಾನೊಮೀಟರಿನ ಎಎವಿ ಅದರಲ್ಲಿ ನುಸುಳಿ ಬರುತ್ತದೆ, ಆದರೆ ಗುಂಪುಗಟ್ಟಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ, ಯಾದಗಿರಿಯ ಕಡೇಚೂರಿನಲ್ಲಿ ಔಷಧ ಕಾರ್ಖಾನೆಗಳಿವೆ. ನನ್ನ ಜೊತೆ ಓದಿದವರು, ಸಂಬಂಧಿಕರು ಭಾಳ ಮಂದಿ ಅಲ್ಲಿದ್ದಾರೆ. ಅವರೂ ಶುದ್ಧ ಮಾಡುತ್ತಾರೆ, ಆದರೆ ಅವರದ್ದು ಸಣ್ಣ ಅಣು. ದ್ರಾವಕದಲ್ಲಿ ಕರಗಿಸಿ, ಕಾಯಿಸಿ, ತಣಿಸಿ ಹರಳು ಮಾಡಬಹುದು. ಎಸ್‌ಎಂಎಗೇ ರಿಸ್ಡಿಪ್ಲಾಮ್ ಅಂತ ಬಾಯಿಂದ ಕುಡಿಸುವ ಔಷಧ ಇದೆ, ದಿನಾ ಕೊಡಬೇಕು, ಅದು ಆ ಬಗೆಯದ್ದು. ವೈರಸ್ಸನ್ನು ಕಾಯಿಸಲು ಆಗುವುದಿಲ್ಲ, ಹರಳು ಮಾಡಿ ಸೋಸಿಕೊಳ್ಳಲು ಆಗುವುದಿಲ್ಲ. ಹೀಗಿದ್ದರೂ ಬ್ಯಾಚ್ ದಾಖಲೆ ಬರೆಯುವ ಶಿಸ್ತು, ಒಂದು ಅಂಕಿ ತಪ್ಪಿದರೆ ನಿಲ್ಲಿಸಿ ಕೇಳುವ ಅಭ್ಯಾಸ ಅವರಿಗೆ ಈಗಾಗಲೇ ಇದೆ. ಅಲ್ಲಿಂದ ಇಲ್ಲಿಗೆ ಬರುವುದು ಜನ ಅಂದುಕೊಂಡಷ್ಟು ದೂರದ ದಾರಿ ಅಲ್ಲ.

ನಮ್ಮ ದೇಶದಲ್ಲಿ ಇಂಥದ್ದು ಆಗುವುದಿಲ್ಲ ಅನ್ನುವವರಿಗೆ ಎರಡು ಸುದ್ದಿ ಹೇಳುತ್ತೇನೆ. 2023ರ ಅಕ್ಟೋಬರಿನಲ್ಲಿ ಐಐಟಿ ಬಾಂಬೆಯಲ್ಲಿ ಹುಟ್ಟಿದ ಇಮ್ಯುನೊಆಕ್ಟ್ ಕಂಪನಿಯ ನೆಕ್ಸ್‌ಕಾರ್ 19 ಎಂಬ ರಕ್ತ ಕ್ಯಾನ್ಸರ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಅಮೆರಿಕದ ಅದೇ ಬಗೆಯ ಚಿಕಿತ್ಸೆಯ ಬೆಲೆಗೆ ಹೋಲಿಸಿದರೆ ಇದರ ಬೆಲೆ ಸುಮಾರು ಹತ್ತರಲ್ಲಿ ಒಂದು ಪಾಲು. 2024ರ ಡಿಸೆಂಬರಿನಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರು ಹಿಮೋಫಿಲಿಯಾ ಎ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇರುವ ಐದು ಜನರಿಗೆ ಜೀನ್ ಚಿಕಿತ್ಸೆ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಎರಡರಲ್ಲೂ ಬಳಸಿದ್ದು ಲೆಂಟಿವೈರಸ್ ಎಂಬ ಬೇರೆ ಜಾತಿಯ ವೈರಸ್. ಅದು ಸುಮಾರು 120 ನ್ಯಾನೊಮೀಟರ್, ಮೇಲೆ ಕೊಬ್ಬಿನ ಪೊರೆ. ಶುದ್ಧ ಮಾಡುವವರಿಗೆ ಅದು ಎಎವಿಗಿಂತ ಕಷ್ಟ: ಹುಳಿ ತಾಳುವುದಿಲ್ಲ, ಜಾಸ್ತಿ ಉಪ್ಪು ತಾಳುವುದಿಲ್ಲ, ಬೆಚ್ಚಗಿಟ್ಟರೆ ಗಂಟೆಗಳಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ, ಕೊನೆಯ 220 ನ್ಯಾನೊಮೀಟರ್ ಫಿಲ್ಟರಿನಲ್ಲೂ ಒಂದಷ್ಟು ಸಿಕ್ಕಿಕೊಳ್ಳುತ್ತದೆ. ಆದರೆ ಅಲ್ಲಿ ವೈರಸ್ಸನ್ನು ರೋಗಿಯ ಮೈಗೆ ಕೊಡುವುದಿಲ್ಲ. ರೋಗಿಯ ಕೋಶಗಳನ್ನು ಹೊರಗೆ ತೆಗೆದು, ಅವುಗಳಿಗೆ ವೈರಸ್ ಮುಟ್ಟಿಸಿ, ಕೋಶಗಳನ್ನು ವಾಪಸ್ ಕೊಡುತ್ತಾರೆ. ಹಾಗಾಗಿ ಬೇಕಾಗುವ ವೈರಸ್ ಭಾಳ ಕಡಿಮೆ. ನಮ್ಮಲ್ಲಿ ಲೆಂಟಿವೈರಸ್ ಚಿಕಿತ್ಸೆ ಮೊದಲು ಬಂದದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅಂದಾಜು. ಮೈತುಂಬ ಕೊಡುವ ಎಎವಿಗೆ ಬೇಕಾದ ಪ್ರಮಾಣ ಮುಟ್ಟಬೇಕಾದರೆ ಮೇಲೆ ಹೇಳಿದ ಆ 80 ಮತ್ತು 90ರ ಲೆಕ್ಕವನ್ನು ಇಲ್ಲೇ, ನಮ್ಮವರೇ ಕೂತು ಬಿಡಿಸಬೇಕು.

ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ, ನಮ್ಮ ಕಾಲೇಜುಗಳಲ್ಲಿ ಜೀವವಿಜ್ಞಾನ, ರಸಾಯನಶಾಸ್ತ್ರ ಓದುತ್ತಿರುವವರಿಗೆ ನೇರವಾಗಿ ಹೇಳುತ್ತೇನೆ. ಎಮ್ಮೆಸ್ಸಿಯಲ್ಲಿ ಡಿಇಎಇ ಸೆಲ್ಯುಲೋಸ್ ಕಾಲಂ ಪ್ರಾಕ್ಟಿಕಲ್ ಬರುತ್ತದೆ ಅಲ್ವಾ? ಉಪ್ಪು ಏರಿಸುತ್ತಾ ಪ್ರೊಟೀನ್ ಬಿಡಿಸಿಕೊಳ್ಳುವುದು. ಮೇಲೆ ನಾನು ಹೇಳಿದ ಜೊಳ್ಳು, ಗಟ್ಟಿ ಬೇರ್ಪಡಿಕೆ ನಡೆಯುವುದು ಅದೇ ತತ್ವದ ಮೇಲೆ. ಅದನ್ನು ಸುಮ್ನೆ ರೆಕಾರ್ಡ್ ಬುಕ್ಕಿಗೆ ನಕಲು ಮಾಡಿ ಬಿಡಬೇಡಿ. ಕಾಲಂ ನಿಮ್ಮ ಕೈಯಾರೆ ತುಂಬಿ. ಪಿಎಚ್ 0.2 ಬದಲಿಸಿ ಏನಾಗುತ್ತದೆ ನೋಡಿ. ಪ್ರತಿ ಭಾಗದ 260, 280 ಅಳೆದು ಗೆರೆ ಎಳೆಯಿರಿ. ಹಾಕಿದ್ದೆಷ್ಟು, ಸಿಕ್ಕಿದ್ದೆಷ್ಟು, ಉಳಿದದ್ದು ಎಲ್ಲಿ ಹೋಯಿತು ಅನ್ನುವ ಲೆಕ್ಕ ಪ್ರತಿ ಸಲವೂ ಬರೆಯಿರಿ, ಯಾರೂ ಕೇಳದಿದ್ದರೂ. ಸಂದರ್ಶನಕ್ಕೆ ಬರುವವರಲ್ಲಿ ಈ ಕೊನೆಯ ಪ್ರಶ್ನೆಗೆ ಉತ್ತರ ಹೇಳುವವರು ಕಡಿಮೆ, ನಾನು ಹುಡುಕುವುದು ಅವರನ್ನೇ.